ಡಾಕ್ಟ್ರು ಅಪ್ಪನ ಹತ್ರಾನೇ ಮಾತಾಡಬೇಕು

ಪ್ರಶ್ನೆ: ನಮ್ಮಪ್ಪಂಗೆ 71 ವರ್ಷ, ಶ್ವಾಸಕೋಶದ ಕ್ಯಾನ್ಸರ್, ಲಿವರ್‌ಗೂ ಹರಡಿದೆ. ಡಾಕ್ಟ್ರು ನನ್ನ ಹೊರಗೆ ಕರೆದು ಇನ್ನು ಕೆಲವೇ ತಿಂಗಳು ಅಂದ್ರು, ಅಪ್ಪನ ಮುಂದೆ ಮಾತ್ರ ಎಲ್ಲಾ ಸರಿಹೋಗುತ್ತೆ ಬಿಡಿ ಅಂತಾರೆ. ಅಪ್ಪ ದಿನಾ ‘ಏನಂದ್ರೋ?’ ಅಂತಾರೆ. ನಾಳೆ ಉಸಿರು ಕಟ್ಟಿದ್ರೆ ವೆಂಟಿಲೇಟರ್ ಹಾಕ್ಸೋದಾ ಬೇಡ್ವಾ ಅಂತ ನಾನೇ ಹೇಳ್ಬೇಕಾ? ಭಯ ಆಗ್ತಿದೆ.
- ಓದುಗರು, ಶ್ರೀನಿವಾಸಪುರ

ಉತ್ತರ: ದಿನಾ ಕೇಳ್ತಿದಾರೆ ಅಂದ್ರೆ ಅವರಿಗೆ ಅನುಮಾನ ಬಂದಿದೆ ಕಣಪ್ಪ. ಇಲ್ಲಿ ತಪ್ಪು ನಮ್ಮ ಡಾಕ್ಟರುಗಳದ್ದು. ನಾನೂ ಶುರುವಿನ ವರ್ಷಗಳಲ್ಲಿ ಹೀಗೇ ಮಕ್ಕಳನ್ನ ಕಾರಿಡಾರಿಗೆ ಕರೆದು ಹೇಳ್ತಿದ್ದೆ, ಒಂದಿನ ಮಾಲೂರು ಕಡೆ ಅಜ್ಜಿ ಒಬ್ರು ಕೈ ಹಿಡ್ಕೊಂಡು ‘ಹೊರಗೆ ಏನ್ ಮಾತಾಡ್ದೆ, ಕಾಯಿಲೆ ನಂದಲ್ವಾ’ ಅಂದ್ರು. ಕೂತು ಹೇಳಿದೆ. ಅವರು ಕೇಳಿದ್ದು ಎರಡೇ, ರಾತ್ರಿ ನೋವಿಲ್ದೆ ನಿದ್ದೆ ಬರ್ಬೇಕು, ರಾಗಿ ಕಣ ಮುಗಿಯೋವರೆಗೂ ಮನೇಲಿರ್ಬೇಕು. ಮೊದ್ಲೇ ಕೇಳಿದ್ರೆ ಅವರಿಗೆ ಎರಡು ಅಡ್ಮಿಷನ್ ತಪ್ತಿತ್ತು, ಅದು ಇವತ್ತಿಗೂ ನನ್ನ ಕಾಡುತ್ತೆ.

ನಮ್ಮ ಕಾಲದಲ್ಲಿ ಇದನ್ನ ಯಾರೂ ಕಲಿಸ್ಲಿಲ್ಲ, 2019ರಿಂದ ಎಂಬಿಬಿಎಸ್‌ನಲ್ಲಿ ರೋಗಿ ಹತ್ರ ಹೇಗೆ ಮಾತಾಡ್ಬೇಕು ಅನ್ನೋದೂ ಪಾಠ. ಅಮೆರಿಕದಲ್ಲಿ ವಯಸ್ಸಾದೋರ ಸರ್ಕಾರಿ ವಿಮೆ ಮೆಡಿಕೇರ್, 2016ರಿಂದ ಇಂಥ ಮಾತುಕತೆಗೇ ಡಾಕ್ಟ್ರಿಗೆ ಫೀಸ್ ಕೊಡ್ತಿದೆ. ನಮ್ಮಲ್ಲಿ ಓಪಿಡಿ ರಶ್ಶಲ್ಲಿ ಟೈಮ್ ಎಲ್ಲಿ, ಅದಕ್ಕೆ ನೀವೇ ಬಾಯ್ಬಿಟ್ಟು ಕೇಳಿ: ‘ಸಾರ್, ಓಪಿಡಿ ಮುಗಿದ್ಮೇಲೆ ಹದಿನೈದು ನಿಮಿಷ ಕೊಡಿ, ಅಪ್ಪನ ಹತ್ರ ನೀವೇ ಮಾತಾಡಿ.’ ಒಳ್ಳೆ ಡಾಕ್ಟ್ರು ಮೊದ್ಲು ಕಾಯಿಲೆ ಬಗ್ಗೆ ಏನ್ ಗೊತ್ತು, ಇನ್ನೆಷ್ಟು ತಿಳ್ಕೋಬೇಕು ಅಂತ ಅಪ್ಪನ್ನೇ ಕೇಳ್ತಾರೆ. ‘ನನ್ ಮಗಂಗೆ ಹೇಳಿ ಸಾಕು’ ಅಂದ್ರೆ ಅದೂ ಅವರ ಇಷ್ಟಾನೇ.

ವೆಂಟಿಲೇಟರ್ ಬೇಡ ಅಂತ ಅವರೇ ಅಂದ್ರೆ ಬರೆದಿಡಬಹುದು. 2018ರಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ಒಪ್ಪಿದೆ, 2023ರಲ್ಲಿ ಸುಲಭ ಮಾಡಿದೆ: ಇಬ್ಬರು ಸಾಕ್ಷಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿ ಮುಂದೆ ಸಹಿ, ತನ್ನ ಪರವಾಗಿ ಯಾರು ಹೇಳ್ಬೇಕು ಅನ್ನೋ ಹೆಸರು. ಆಮೇಲೂ ಮೂರು ಮೂರು ಡಾಕ್ಟರ ಎರಡು ಬೋರ್ಡ್ ನೋಡಿಯೇ ತೀರ್ಮಾನ, ಭಾರ ಪೂರ್ತಿ ನಿಮ್ಮೊಬ್ಬರ ತಲೆ ಮೇಲೆ ಬರಲ್ಲ. ನಮ್ಮ ರಾಜ್ಯ ಸರ್ಕಾರಾನೂ 2025ರ ಜನವರೀಲಿ ಆದೇಶ ಹೊರಡಿಸಿದೆ.

ಬೇಡ ಅಂದ್ರೆ ಚಿಕಿತ್ಸೆ ನಿಲ್ಲುತ್ತೆ ಅಂತಲ್ಲ, ನೋವಿಗೂ ಉಸಿರಾಟದ ಸಂಕಟಕ್ಕೂ ಮಾರ್ಫಿನ್ ಇದೆ, ಅದನ್ನ ಅದೇ ದಿನ ಕೇಳಿ. ಈ ಸಲ ಅಪ್ಪನ್ನ ಹೊರಗೆ ಬೆಂಚಲ್ಲಿ ಕೂರಿಸ್ಬೇಡಿ, ಒಳಗೆ ನಿಮ್ಮ ಪಕ್ಕದ ಕುರ್ಚೀಲಿ ಕೂರಿಸಿ.