ಲಯನ್ ಕಿಂಗ್ ಮ್ಯೂಸಿಕಲ್‌ಗೆ ನಾಲ್ಕು ವರ್ಷದ ಮಗು: ಅಕ್ಕಾ, ಆ ಮೂರನೇ ಸಾಲಿನ ಟಿಕೆಟ್ ಮೊದಲು ಬದಲಿಸಿ

ಅಕ್ಕಾ, ನಿಮ್ಮ ಪೋಸ್ಟ್ ಓದಿ ಒಲೆ ಆರಿಸಿ ಬಂದು ಬರೀತಾ ಇದ್ದೇನೆ. ಕ್ರಿಸ್‌ಮಸ್ ರಜೆಗೆ ಲಂಡನ್ನಿನ ಅಣ್ಣನ ಮನೆ, ಇಳಿದ ಮರುದಿನವೇ ಲೈಸಿಯಂ ಥಿಯೇಟರಿನಲ್ಲಿ ಸಂಜೆ ಏಳೂವರೆಗೆ 'ದಿ ಲಯನ್ ಕಿಂಗ್', ಎದುರಿನಿಂದ ಮೂರನೇ ಸಾಲು, ಅದೂ ನಡೆಯುವ ದಾರಿಯ ಬದಿಯ ಸೀಟು. ಸರ್‌ಪ್ರೈಸ್ ಇರಲಿ ಅಂತ ಮಕ್ಕಳಿಗೆ ಸಿನಿಮಾ ಕೂಡ ತೋರಿಸಲಿಲ್ಲ. "ಸಣ್ಣವನಿಗೆ ನಾಲ್ಕು ವರ್ಷ, ಆದರೆ ಯಕ್ಷಗಾನ ಆಟದಲ್ಲಿ ಬೆಳಗಿನವರೆಗೆ ಕೂತವನು, ಚೆಂಡೆಗೆ ಹೆದರದವನು ಇದಕ್ಕೆ ಹೆದರ್ತಾನಾ" ಅಂತ ಬರೆದಿದ್ದೀರಿ. 2022ರಲ್ಲಿ ನಾನು ನಮ್ಮವರಿಗೆ ಹೇಳಿದ್ದೂ ಇದೇ ಮಾತು.

ನಾವು ಆಗ ಅಬುಧಾಬಿಯಲ್ಲಿದ್ದೆವು. ನವೆಂಬರಿನಲ್ಲಿ ಇದೇ ಪ್ರಯೋಗ ಅಲ್ಲಿಗೆ ಬಂತು. ಮಗನಿಗೆ ಏಳು, ಮಗಳಿಗೆ ನಾಲ್ಕಕ್ಕೆ ಎರಡು ತಿಂಗಳು ಕಡಿಮೆ. ಪ್ರಾಣಿಗಳು ಜನರ ನಡುವಿನಿಂದಲೇ ನಡೆದುಕೊಂಡು ಬರ್ತವೆ ಅಂತ ಓದಿ, ಮಕ್ಕಳಿಗೆ ಹತ್ತಿರದಿಂದ ಕಾಣಲಿ ಅಂತ ದುಡ್ಡು ಜಾಸ್ತಿ ಕೊಟ್ಟು ದಾರಿ ಬದಿಯ ಸೀಟು ತೆಗೆಸಿದವಳು ನಾನೇ. ದೀಪ ಆರಿತು. ರಫೀಕಿ ಅನ್ನುವ ಮಂಗನ ಪಾತ್ರದ ಆ ಮೊದಲ ಕೂಗು, ಜುಲು ಭಾಷೆಯದ್ದು, ಒಮ್ಮೆಲೇ ಎದೆಗೆ ಹೊಡೆದ ಹಾಗೆ ಬಂತು. ಮಗಳು ನನ್ನ ಕೈ ಹಿಡಿದಳು, ಅಷ್ಟೇ. ಆಮೇಲೆ ಹಿಂದಿನಿಂದ ಆನೆ ಬಂತು. ಎದುರಿನಿಂದ ಬಂದಿದ್ದರೆ ಬೇರೆ ಮಾತು. ಅವಳು ರಂಗಸ್ಥಳ ನೋಡ್ತಾ ಇರುವಾಗ ಬೆನ್ನ ಹಿಂದಿನಿಂದ, ಕತ್ತಲೆಯಲ್ಲಿ, ಭುಜದ ಹತ್ತಿರಕ್ಕೇ ಬಂತು. ಅವಳು ಹಾಕಿದ ಬೊಬ್ಬೆ ಇವತ್ತಿಗೂ ನನ್ನ ಕಿವಿಯಲ್ಲುಂಟು. ನಮ್ಮವರು ಅವಳನ್ನು ಎತ್ತಿಕೊಂಡು ಹೊರಗೆ ಹೋದರು. ಮಧ್ಯದಲ್ಲಿ ಮತ್ತೆ ಒಳಗೆ ಬರ್ಲಿಕ್ಕೆ ಅವಳೇ ಒಪ್ಪಲಿಲ್ಲ. ಇಂಟರ್ವಲ್‌ವರೆಗೆ ನಾನು ಮಗನ ಪಕ್ಕ ಕೂತು ಬಾಗಿಲನ್ನೇ ನೋಡಿದೆ. ಆಮೇಲೆ ಎಂಟು ತಿಂಗಳು ಆ ಮಗು ಸಿನಿಮಾ ಟಾಕೀಸಿಗೂ ಬರಲಿಲ್ಲ.

ಆಟಕ್ಕೂ ಇದಕ್ಕೂ ಹೋಲಿಕೆ ಮಾಡ್ಬೇಡಿ ಅಕ್ಕ. ಆಟದಲ್ಲಿ ಚೆಂಡೆ ಎಷ್ಟು ಜೋರಾದರೂ ಮೇಲೆ ಆಕಾಶ ಉಂಟು, ಬೆಳಕುಂಟು, ಚಾಪೆ ಉಂಟು. ಬಣ್ಣದ ವೇಷ, ಅಂದರೆ ರಾಕ್ಷಸ ಪಾತ್ರ, ಬಂದು ಬೆಂಕಿಗೆ ರಾಳದ ಪುಡಿ ಎಸೆದಾಗ ಹೆದರಿದರೆ ಅಮ್ಮನ ಸೆರಗಿನೊಳಗೆ ಮುಖ ಹಾಕಿ ಮಲಗಬಹುದು, ಇಲ್ಲದಿದ್ದರೆ ಎದ್ದು ಚರುಂಬುರಿ ಗಾಡಿಗೆ ಹೋಗಬಹುದು. "ಅದು ಯಾರು, ಎಂತ ಮಾಡ್ತಾನೆ" ಅಂತ ದೊಡ್ಡದಾಗಿ ಕೇಳಿದರೂ ಯಾರೂ ತಿರುಗಿ ನೋಡುವುದಿಲ್ಲ. ಅಲ್ಲಿ ಹಾಗಲ್ಲ. ಮುಚ್ಚಿದ ಕತ್ತಲೆ, ಸುತ್ತಲೂ ಉಸಿರು ಬಿಡದೆ ಕೂತ ಎರಡು ಸಾವಿರ ಜನ, ಎದ್ದರೆ ಹತ್ತು ಮೊಣಕಾಲು ದಾಟಬೇಕು. ಹೆದರಿಕೆ ಬರುವುದು ಶಬ್ದದಿಂದ ಅಲ್ಲ, ತಪ್ಪಿಸಿಕೊಳ್ಳುವ ದಾರಿ ಇಲ್ಲ ಅಂತ ಮಗುವಿಗೆ ಅನಿಸುವುದರಿಂದ.

ಹಾಗಾಗಿ ಮೊದಲು ಸೀಟು. ಟಿಕೆಟ್ ತೆಗೆದ ಕಡೆಗೇ ಇವತ್ತೇ ಕೇಳಿ, ರಾಯಲ್ ಸರ್ಕಲ್‌ಗೆ ಬದಲಿಸ್ಲಿಕ್ಕೆ ಆಗ್ತದಾ ಅಂತ. ಅದು ಕೆಳಗಿನ ಸ್ಟಾಲ್ಸ್‌ನ, ಅಂದರೆ ನೆಲಮಟ್ಟದ ಸೀಟುಗಳ, ಮೇಲಿನ ಅಂತಸ್ತು. ಅಲ್ಲಿ ಮೊದಲ ಸಾಲು ಬೇಡ, ಕಂಬಿ ಸಣ್ಣ ಮಕ್ಕಳ ಕಣ್ಣಿಗೇ ಅಡ್ಡ ಬರ್ತದೆ. ಎರಡು-ಮೂರು ಸಾಲು ಬಿಟ್ಟು ಹಿಂದೆ, ಸಾಲಿನ ತುದಿಯಲ್ಲಿ ಕೂತರೆ ಎದ್ದು ಹೋಗ್ಲಿಕ್ಕೂ ಸುಲಭ. ಮೇಲಿನಿಂದ ನೋಡಿದರೆ ಕೆಳಗೆ ದಾರಿಯಲ್ಲಿ ಬರುವ ಪ್ರಾಣಿಗಳು ಅರ್ಧಂಬರ್ಧ ಕಾಣ್ತವೆ, ಅದೊಂದು ನಷ್ಟ. ಆರು ವರ್ಷದ ನಿಮ್ಮ ದೊಡ್ಡವಳಿಗೆ ಅದು ಬೇಕೇ ಬೇಕು ಅಂತಿದ್ದರೆ ನಿಮ್ಮ ಅಣ್ಣನ ಜೊತೆ ಅವಳು ಕೆಳಗೆ, ನೀವು ಸಣ್ಣವನ ಜೊತೆ ಮೇಲೆ ಕೂತುಕೊಳ್ಳಿ. ಮಡಿಲಲ್ಲಿ ಕೂರಿಸ್ತೇನೆ ಅಂತ ಒಂದು ಟಿಕೆಟ್ ಉಳಿಸ್ಲಿಕ್ಕೆ ಹೋಗ್ಬೇಡಿ, ಅಲ್ಲಿ ಪ್ರತಿ ಮಗುವಿಗೂ ಟಿಕೆಟ್ ಬೇಕು. ಮೂರರ ಒಳಗಿನವರಿಗೆ ಪ್ರವೇಶವೇ ಇಲ್ಲ. ಆರು ವರ್ಷ ಮೇಲ್ಪಟ್ಟವರಿಗೆ ಅಂತ ಅವರೇ ಸೂಚನೆ ಹಾಕಿರ್ತಾರೆ, ಅದನ್ನು ಸುಮ್ಮನೆ ಬರೆದದ್ದಲ್ಲ.

ಎರಡನೆಯದು ಹೊತ್ತು. ಡಿಸೆಂಬರಿನಲ್ಲಿ ಅಲ್ಲಿಗೂ ನಮಗೂ ಐದೂವರೆ ಗಂಟೆ ವ್ಯತ್ಯಾಸ. ಅಲ್ಲಿನ ಏಳೂವರೆ ಅಂದರೆ ನಿಮ್ಮ ಮಗುವಿನ ದೇಹಕ್ಕೆ ರಾತ್ರಿ ಒಂದು ಗಂಟೆ. ಮುಗಿಯುವಾಗ ಮೂರೂವರೆ. ಇಳಿದ ಮರುದಿನ ಅಂತೂ ಖಂಡಿತಾ ಬೇಡ. ಐದು ದಿನ ಬಿಟ್ಟು, ಮಧ್ಯಾಹ್ನದ ಪ್ರದರ್ಶನಕ್ಕೆ ಹೋಗಿ.

ಈಗ ಮುಖ್ಯ ವಿಷಯ, ಚೌಕಿ, ಅಂದರೆ ಯಕ್ಷಗಾನದವರು ಬಣ್ಣ ಹಚ್ಚಿ ವೇಷ ಕಟ್ಟಿಕೊಳ್ಳುವ ಜಾಗ. ನಾನು ಸಣ್ಣವಳಿರುವಾಗ ಮಹಿಷಾಸುರನ ಹೆಸರು ಕೇಳಿದರೆ ಜ್ವರ ಬರ್ತಿತ್ತು. ನನ್ನ ಅಜ್ಜ ಒಂದು ದಿನ ಸಂಜೆಯೇ ಕರ್ಕೊಂಡು ಹೋಗಿ ಚೌಕಿಯಲ್ಲಿ ಕೂರಿಸಿದರು. ಕನ್ನಡಿ ಹಿಡಿದು ಕೂತ ಮನುಷ್ಯ ಅಕ್ಕಿಹಿಟ್ಟು, ಸುಣ್ಣ ಕಲಸಿ ಮುಖದ ಮೇಲೆ ಚಿಟ್ಟಿ, ಅಂದರೆ ಮುಳ್ಳಿನ ಹಾಗಿನ ಬಿಳಿ ಚುಕ್ಕೆ, ಒಂದೊಂದೇ ಇಡುವುದನ್ನು ನೋಡಿದೆ. ಮಧ್ಯದಲ್ಲಿ ಅವರು ಚಹಾ ಕುಡಿದರು, ನನ್ನ ಹೆಸರು ಕೇಳಿದರು. ಆ ರಾತ್ರಿ ಅವರೇ ಮಹಿಷಾಸುರನಾಗಿ ತೆರೆಯ ಹಿಂದಿನಿಂದ ಅಬ್ಬರಿಸಿ ಬಂದಾಗ ಹೆದರಿಕೆ ಆಯಿತು, ಆದರೆ ಅದು ಖುಷಿಯ ಹೆದರಿಕೆ. ಅಜ್ಜನ ಈ ಉಪಾಯ ನನಗೆ ಅಬುಧಾಬಿಯಲ್ಲಿ ನೆನಪಾಗದೆ ಹೋಯಿತಲ್ಲ ಅಂತ ಈಗಲೂ ಸಂಕಟ ಆಗ್ತದೆ.

2024ರ ಆಗಸ್ಟಿನಲ್ಲಿ ನಾದಿನಿ ಮನೆಗೆ ಲಂಡನ್ನಿಗೆ ಹೋಗಿ ಇದನ್ನೇ ಮತ್ತೆ ನೋಡುವ ಮೊದಲು ಮೂರು ವಾರ ಮನೆಯಲ್ಲೇ ಚೌಕಿ ಮಾಡಿದೆ. 1994ರ ಸಿನಿಮಾ ಒಂದೂವರೆ ಗಂಟೆಯದ್ದು, ಮೂರು ಭಾಗ ಮಾಡಿ ಹಗಲು ತೋರಿಸಿದೆ. ಆಮೇಲೆ ರಂಗದ ವೇಷಗಳ ಫೋಟೋ. ಬಣ್ಣದ ವೇಷದಲ್ಲಿ ಮನುಷ್ಯನ ಮುಖ ಪೂರ್ತಿ ಮಾಯ ಆಗ್ತದೆ. ಇಲ್ಲಿ ನಿರ್ದೇಶಕಿ ಜೂಲಿ ಟೇಮರ್ ಬೇಕೆಂದೇ ಮುಖ ಮುಚ್ಚಲಿಲ್ಲ. ಅಪ್ಪ ಸಿಂಹ ಮುಫಾಸಾ, ಅವನ ತಮ್ಮ ಸ್ಕಾರ್ ಇಬ್ಬರ ಸಿಂಹದ ಮುಖವಾಡ ತಲೆಯ ಮೇಲಿರ್ತದೆ, ಕೆಳಗೆ ನಟನ ಮುಖ ಕಾಣ್ತದೆ. ಜಿರಾಫೆ ಅಂದರೆ ಕೈಗೂ ಕಾಲಿಗೂ ಮರಗಾಲು ಕಟ್ಟಿಕೊಂಡ ಮನುಷ್ಯ. ಟಿಮೋನ್ ಅನ್ನುವ ಮೀರ್‌ಕ್ಯಾಟ್ (ಮುಂಗುಸಿಯ ಜಾತಿಯ ಪ್ರಾಣಿ) ಬೊಂಬೆಯನ್ನು ಆಡಿಸುವವನು ಹಸಿರು ಬಟ್ಟೆಯಲ್ಲಿ ಬೊಂಬೆಯ ಹಿಂದೆಯೇ ನಿಂತಿರ್ತಾನೆ. "ಎಲ್ಲಿ, ಮನುಷ್ಯನ ಮುಖ ಹುಡುಕು" ಅಂತ ದಿನಾ ಒಂದು ಫೋಟೋ. ಥಿಯೇಟರಿನಲ್ಲಿ ಆನೆ ಬಂದಾಗ ಮಗಳು ನನ್ನ ಕಿವಿಯಲ್ಲಿ "ಅಮ್ಮ, ಕಾಲು ನೋಡು, ಒಳಗೆ ಜನ ಇದ್ದಾರೆ" ಅಂದಳು. ಅಷ್ಟು ಸಾಕು ನನಗೆ.

ಸರ್‌ಪ್ರೈಸ್ ಆಸೆ ಬಿಡಿ. ಅಪ್ಪ ಸಿಂಹ ಸಾಯ್ತದೆ ಅಂತ ಮೊದಲೇ ಹೇಳಿ. ಕಾಡುಕೋಣದ ಹಿಂಡಿನ ಹಾಗೆ ವಿಲ್ಡೆಬೀಸ್ಟ್‌ಗಳು ನುಗ್ಗುವ ಆ ದೃಶ್ಯದಲ್ಲಿ ತಾಳವಾದ್ಯ ಏರ್ತಾ ಏರ್ತಾ ಹೋಗ್ತದೆ, ಅದಾದ ಮೇಲೆ ಸಿಂಹಿಣಿಯರು ಕಣ್ಣಿನಿಂದ ಉದ್ದದ ಬಟ್ಟೆಯ ಪಟ್ಟಿ ಎಳೀತಾರೆ, ಅದೇ ಕಣ್ಣೀರು. ಅಷ್ಟು ಚಂದ ಮಾಡಿದ್ದಾರೆ. ಆದರೆ ಗೊತ್ತಿಲ್ಲದ ಮಗುವಿಗೆ ಅದು ಬರೀ ಗಾಬರಿ. ಕತ್ತೆಕಿರುಬಗಳ ದೃಶ್ಯ ಕೂಡ ಹಾಗೆ, ಸಣ್ಣವನ ಕಣ್ಣು ಆಗ ನಿಮ್ಮ ಕೈಯಲ್ಲಿರಲಿ. ಮರಿಸಿಂಹಗಳಾದ ಸಣ್ಣ ಸಿಂಬಾ, ಸಣ್ಣ ನಾಲಾ ಆಗುವವರು ನಿಜವಾದ ಮಕ್ಕಳೇ ಅಂತಲೂ ಹೇಳಿ, ನಿಮ್ಮ ಮಕ್ಕಳಿಗೆ ತುಂಬ ಧೈರ್ಯ ಬರ್ತದೆ.

ಕಿವಿಗೆ ಹತ್ತಿ ಇಟ್ಟರೆ ಎಂತದ್ದೂ ಪ್ರಯೋಜನ ಇಲ್ಲ. ಶಬ್ದ ತಗ್ಗಿಸ್ಲಿಕ್ಕೆ ಕಿವಿ ಮುಚ್ಚುವ ಮಕ್ಕಳ ಇಯರ್‌ಮಫ್ ತಕ್ಕೊಳ್ಳಿ. ನನ್ನ ಮಟ್ಟಿಗೆ 3ಎಂ ಪೆಲ್ಟರ್ ಕಿಡ್ ಗಟ್ಟಿ, ಆಲ್ಪೈನ್ ಮಫಿ ಮಡಚಿ ಚೀಲಕ್ಕೆ ಹಾಕ್ಲಿಕ್ಕೆ ಸುಲಭ. ಹೆಸರಿಲ್ಲದ ಅಗ್ಗದ್ದು ತಲೆಗೆ ಕಚ್ಚಿ ಹತ್ತು ನಿಮಿಷದಲ್ಲಿ ಬಿಸಾಡ್ತಾರೆ. ಮನೆಯಲ್ಲಿ ಮಿಕ್ಸಿ ತಿರುಗಿಸುವಾಗ ಹಾಕಿಸಿ ಅಭ್ಯಾಸ ಮಾಡಿಸಿ. ಅಲ್ಲಿಯೇ ಮೊದಲ ಸಲ ಹಾಕಿಸಿದರೆ ಅದೇ ಒಂದು ಪಿರಿಪಿರಿ.

ನಿಮ್ಮ ಪೋಸ್ಟಿನ ಕೆಳಗೆ ಒಬ್ಬರು ಶಬ್ದ ತಡೆಯದ ತಮ್ಮ ಮಗನ ಬಗ್ಗೆ ಕೇಳಿದ್ದಾರೆ. ಅಂಥ ಮಕ್ಕಳಿಗಾಗಿಯೇ ರಿಲ್ಯಾಕ್ಸ್ಡ್ ಪರ್ಫಾರ್ಮೆನ್ಸ್ ಅಂತ ಮಾಡ್ತಾರೆ: ಶಬ್ದ ತಗ್ಗಿಸಿ, ದೀಪ ಪೂರ್ತಿ ಆರಿಸದೆ, ಎದ್ದು ಓಡಾಡ್ಲಿಕ್ಕೆ ಬಿಟ್ಟು. ನ್ಯೂಯಾರ್ಕಿನಲ್ಲಿ ಆಟಿಸಂ ಇರುವ ಮಕ್ಕಳಿಗೆ ಇದನ್ನು 2011ರಲ್ಲಿ ಶುರು ಮಾಡಿದ್ದೇ ಲಯನ್ ಕಿಂಗ್‌ನಿಂದ. ದಿನಾಂಕ ನೋಡಿ ಅದಕ್ಕೇ ಹೋಗಿ. ಊರಿನಲ್ಲಿ ಅಭ್ಯಾಸಕ್ಕೆ ಕಾಸರಗೋಡಿನ ಕೆ. ವಿ. ರಮೇಶರ ಯಕ್ಷಗಾನ ಬೊಂಬೆಯಾಟ ಎಲ್ಲಿಯಾದರೂ ಇದ್ದರೆ ತಪ್ಪಿಸ್ಬೇಡಿ. ಮುಗಿದ ಮೇಲೆ ಹತ್ತಿರ ಹೋಗಿ ದಾರ, ಬೊಂಬೆ ತೋರಿಸಿ ಅಂತ ಕೇಳಿ.

ತಿಂಡಿ: ಬಾಳೆಕಾಯಿ ಚಿಪ್ಸ್, ಚಕ್ಕುಲಿ ಯಾವುದೂ ಒಳಗೆ ತೆಗೀಬೇಡಿ, ಕುರುಕುರು ಶಬ್ದ ನಾಲ್ಕು ಸಾಲಿಗೆ ಕೇಳ್ತದೆ. ಹೊಟ್ಟೆ ತುಂಬ ಮಜ್ಜಿಗೆ ಅನ್ನ ಉಣಿಸಿ ಹೊರಡಿ, ಐಸ್‌ಕ್ರೀಮ್ ಇಂಟರ್ವಲ್‌ಗೆ. ಆದರೆ ಮೊದಲು ಟಾಯ್ಲೆಟ್ ಸಾಲು, ಆಮೇಲೆ ಐಸ್‌ಕ್ರೀಮ್, ನಾವು ಉಲ್ಟಾ ಮಾಡಿ ಒದ್ದೆ ಚಡ್ಡಿಯಲ್ಲಿ ಎರಡನೇ ಭಾಗ ನೋಡಿದ್ದೇವೆ. ಇಂಟರ್ವಲ್ ಸೇರಿ ಎರಡೂವರೆ ಗಂಟೆ, ಬದಲಿ ಬಟ್ಟೆ ಒಂದು ಇರಲಿ. ದಪ್ಪ ಕೋಟನ್ನು ಮಡಚಿ ಅಡಿಗೆ ಇಟ್ಟು ಕೂರಿಸ್ಬೇಡಿ, ಜಾರ್ತದೆ. ಎತ್ತರಕ್ಕೆ ಕುಶನ್ ಬೇಕು ಅಂತ ಬಾಗಿಲಲ್ಲಿರುವವರನ್ನು ಕೇಳಿ ನೋಡಿ.

ನಮ್ಮ ಪೆಲ್ಟರ್ ಇಯರ್‌ಮಫ್ ಈಗ ಮಗಳಿಗೆ ಬೇಡ, ಕಪಾಟಿನಲ್ಲಿ ಸುಮ್ಮನೆ ಉಂಟು. ಹೊಸದು ತಕ್ಕೊಳ್ಳುವ ಮೊದಲು ಪೆರ್ಲದ ನಮ್ಮ ಮನೆಗೆ ಬನ್ನಿ, ಸಣ್ಣವನ ತಲೆಗೆ ಸರಿ ಆಗ್ತದಾ ನೋಡಿ ತಕ್ಕೊಂಡು ಹೋಗಿ. ಟಿಕೆಟ್ ಬದಲಾಯಿತಾ ಅಂತ ಮಾತ್ರ ಇಲ್ಲಿ ಹೇಳಿ.