ಓದುಗರ ಪ್ರಶ್ನೆ, ನಮ್ಮ ಉತ್ತರ: ಗ್ಯಾಸ್ ಬ್ಲೋಬ್ಯಾಕ್ ಏರ್‌ಸಾಫ್ಟ್ ರೈಫಲ್ಲಿನ ಆರೈಕೆ

ಆರು ಮಿಲಿಮೀಟರ್ ವ್ಯಾಸದ ಪ್ಲಾಸ್ಟಿಕ್ ಗುಂಡುಗಳನ್ನು ಹಾರಿಸುವ ಏರ್‌ಸಾಫ್ಟ್ ಬಂದೂಕುಗಳು ಮೊದಲು ಜಪಾನಿನಲ್ಲಿ ತಯಾರಾದವು. ಆಟವಾಗಿ ಬೆಳೆದು ಬ್ರಿಟನ್, ಅಮೆರಿಕಗಳನ್ನೂ ತಲುಪಿದವು. ಆ ದೇಶಗಳಲ್ಲಿ ನೆಲೆಸಿರುವ ನಮ್ಮ ಕೆಲವು ಓದುಗರು ಅನಿಲದ ಒತ್ತಡದಿಂದ ಗುಂಡು ಹಾರಿಸಿ, ಅದೇ ಒತ್ತಡದಿಂದ ಬೋಲ್ಟನ್ನೂ (ಹಿಂದೆ ಮುಂದೆ ಜಾರುವ ಭಾಗ) ಹಿಂದಕ್ಕೆ ಒದೆಯುವ ಗ್ಯಾಸ್ ಬ್ಲೋಬ್ಯಾಕ್ ರೈಫಲ್ಲುಗಳ ಬಗ್ಗೆ ಬರೆದಿರುವ ಪತ್ರಗಳಿಗೆ ಈ ಸಂಚಿಕೆಯಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ತೈವಾನಿನಲ್ಲಿ ತಯಾರಾದ, ಅಮೆರಿಕ ಸೇನೆಯ ಎಂ4 ಬಂದೂಕಿನ ಮಾದರಿಯ ಗ್ಯಾಸ್ ಬ್ಲೋಬ್ಯಾಕ್ ರೈಫಲ್ ನನ್ನಲ್ಲಿದೆ. ಬೇಸಿಗೆಯಲ್ಲಿ ಚೆನ್ನಾಗಿ ನಡೆಯುತ್ತಿದ್ದ ಇದು ನವೆಂಬರ್ ಬಂದ ಮೇಲೆ ಮ್ಯಾಗಜಿನ್ನಿನ (ಗುಂಡು, ಅನಿಲ ಎರಡನ್ನೂ ತುಂಬಿಸುವ ಡಬ್ಬಿ) ಅರ್ಧ ಗುಂಡು ಮುಗಿಯುವುದರೊಳಗೆ ಸೋಲುತ್ತದೆ. ಬೋಲ್ಟ್ ಪೂರ್ತಿ ಹಿಂದಕ್ಕೆ ಹೋಗುವುದಿಲ್ಲ, ಕೊನೆಯ ಗುಂಡಿನ ಬಳಿಕ ತೆರೆದು ನಿಲ್ಲುವುದೂ ಇಲ್ಲ. ಇದರ ಜೊತೆಗೆ, ಒಂದು ಮ್ಯಾಗಜಿನ್ನಿಗೆ ರಾತ್ರಿ ತುಂಬಿಸಿಟ್ಟ ಅನಿಲ ಬೆಳಿಗ್ಗೆ ಇರುವುದಿಲ್ಲ. ಉಕ್ಕಿನ ಬೋಲ್ಟ್ ಮತ್ತು ಬಿಗಿಯಾದ ಸ್ಪ್ರಿಂಗ್ ಹಾಕಿಸಿದರೆ ಸರಿಹೋಗುತ್ತದೆ ಎಂದು ಅಂಗಡಿಯವರು ಹೇಳುತ್ತಾರೆ. ಹಾಕಿಸಲೇ?
– ಓದುಗರು, ಬರ್ಮಿಂಗ್‌ಹ್ಯಾಮ್

ಉತ್ತರ: ಬೇಡ. ಅವರು ಹೇಳಿದ ಎರಡೂ ಬಿಡಿಭಾಗಗಳು ನಿಮ್ಮ ತೊಂದರೆಯನ್ನು ಹೆಚ್ಚಿಸುತ್ತವೆ. ನಿಮ್ಮ ಪತ್ರದಲ್ಲಿ ಎರಡು ಬೇರೆ ಬೇರೆ ದೋಷಗಳು ಕಲೆತಿವೆ: ಒಂದು ಚಳಿಯದು, ಇನ್ನೊಂದು ಸೋರಿಕೆಯದು.

ಈ ಬಗೆಯ ರೈಫಲ್ಲಿನ ಬಲವೆಲ್ಲ ಮ್ಯಾಗಜಿನ್ನಿನಲ್ಲಿದೆ. ಟ್ರಿಗರ್ ಒತ್ತಿದಾಗ ಹ್ಯಾಮರ್ ಬಿದ್ದು, ನಡುವಿನ ಒಂದು ಸಣ್ಣ ತುಂಡಿನ ಮೂಲಕ ಮ್ಯಾಗಜಿನ್ನಿನ ವಾಲ್ವನ್ನು ತಟ್ಟುತ್ತದೆ. ಹೊರಟ ಅನಿಲವು ಮ್ಯಾಗಜಿನ್ನಿನ ನೆತ್ತಿಯಲ್ಲಿರುವ ರಬ್ಬರಿನ ಬಾಯಿಯನ್ನು ದಾಟಿ ಬೋಲ್ಟಿನೊಳಗಿನ ನಾಝಲನ್ನು (ಅನಿಲ ಹೊಮ್ಮುವ ಕೊಳವೆ) ಸೇರಿ, ಮೊದಲು ಗುಂಡನ್ನು ನಳಿಕೆಯುದ್ದಕ್ಕೂ ದೂಡುತ್ತದೆ; ಗುಂಡು ಮುಂದೆ ಸಾಗಿದ ಕೂಡಲೇ ನಾಝಲಿನೊಳಗಿನ ಪುಟ್ಟ ವಾಲ್ವು ಮುಂದಿನ ದಾರಿಯನ್ನು ಮುಚ್ಚುವುದರಿಂದ ಉಳಿದ ಅನಿಲ ಹಿಂದಕ್ಕೆ ತಿರುಗಿ ಬೋಲ್ಟನ್ನು ಒದೆಯುತ್ತದೆ. ಅನಿಲದ ಒತ್ತಡ ಕುಗ್ಗಿದರೆ ಗುಂಡಾದರೂ ಹೇಗೋ ಹೊರಬೀಳುತ್ತದೆ, ಆದರೆ ಬೋಲ್ಟಿನ ಪಾಲಿಗೆ ಸಾಕಷ್ಟು ಉಳಿಯುವುದಿಲ್ಲ. ನೀವು ನೋಡುತ್ತಿರುವುದು ಇದನ್ನೇ.

ಇಂಥ ಬಂದೂಕುಗಳಿಗೆಂದು ಗ್ರೀನ್ ಗ್ಯಾಸ್ ಎಂಬ ಹೆಸರಿನಲ್ಲಿ ಮಾರಾಟವಾಗುವುದು ಬಹುಮಟ್ಟಿಗೆ ಪ್ರೊಪೇನ್. ಅದಕ್ಕೆ ಸ್ವಲ್ಪ ಸಿಲಿಕೋನ್ ಎಣ್ಣೆ ಬೆರೆಸಿರುತ್ತಾರೆ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪ್ರೊಪೇನಿನ ಆವಿಯ ಒತ್ತಡ ಸುಮಾರು 8.4 ಬಾರ್ ಇದ್ದರೆ, ಸೊನ್ನೆ ಡಿಗ್ರಿಯಲ್ಲಿ ಅದು ಸುಮಾರು 4.7 ಬಾರ್‌ಗೆ ಇಳಿಯುತ್ತದೆ. ಹವೆಯ ಚಳಿಗೆ ನಿಮ್ಮ ಬೆರಳೂ ನೆರವಾಗುತ್ತದೆ: ಪ್ರತಿ ಗುಂಡಿಗೂ ಒಳಗಿನ ದ್ರವ ಆವಿಯಾಗಬೇಕು, ಆವಿಯಾಗಲು ಬೇಕಾದ ಶಾಖವನ್ನು ಅದು ಮ್ಯಾಗಜಿನ್ನಿನ ಲೋಹದಿಂದಲೇ ಹೀರಿಕೊಳ್ಳುತ್ತದೆ. ಮದುವೆಮನೆಯ ದೊಡ್ಡ ಒಲೆಗೆ ಜೋಡಿಸಿದ ಗ್ಯಾಸ್ ಸಿಲಿಂಡರಿನ ಹೊರಮೈ ಬೆವರಿ ತಣ್ಣಗಾಗುವುದನ್ನು ನೀವು ಕಂಡಿರಬಹುದು. ಇಲ್ಲಿ ನಡೆಯುವುದೂ ಅದೇ. ಆದ್ದರಿಂದ ಚಳಿಗಾಲದಲ್ಲಿ ಒಂದೊಂದೇ ಗುಂಡು ಹಾರಿಸುವುದು, ಎರಡು ಮೂರು ಮ್ಯಾಗಜಿನ್ನುಗಳನ್ನು ಸರದಿಯಲ್ಲಿ ಬಳಸುವುದು, ಉಳಿದವನ್ನು ಕೋಟಿನ ಒಳಜೇಬಿನಲ್ಲಿ ಮೈಬಿಸಿಯಲ್ಲಿ ಇಟ್ಟುಕೊಳ್ಳುವುದು ಇವೇ ಸರಿಯಾದ ಉಪಾಯಗಳು. ಹೀಟರಿನ ಮೇಲೆ ಇಡುವುದು, ಕೂದಲು ಒಣಗಿಸುವ ಯಂತ್ರದಿಂದ ಬಿಸಿ ಮಾಡುವುದು, ಬಿಸಿನೀರಿನಲ್ಲಿ ಮುಳುಗಿಸುವುದು ಇವುಗಳಲ್ಲಿ ಯಾವುದನ್ನೂ ಮಾಡಬಾರದು.

ಉಕ್ಕಿನ ಬೋಲ್ಟ್ ಭಾರವಾದ್ದರಿಂದ ಒದೆತ ಗಟ್ಟಿಯಾಗಿರುತ್ತದೆ, ಬೇಸಿಗೆಯಲ್ಲಿ ಅದೊಂದು ಸೊಗಸು. ಆದರೆ ಆ ಭಾರವನ್ನು ಹಿಂದಕ್ಕೆ ತಳ್ಳಲು ಹೆಚ್ಚು ಅನಿಲ ಬೇಕು, ಬಿಗಿ ಸ್ಪ್ರಿಂಗನ್ನು ಒತ್ತಲು ಇನ್ನೂ ಹೆಚ್ಚು ಬೇಕು. ಬೋಲ್ಟ್ ಬದಲಿಸಲೇಬೇಕೆಂದಿದ್ದರೆ ಅಲ್ಯುಮಿನಿಯಮ್ಮಿನ ಹಗುರವಾದದ್ದನ್ನು ಹಾಕಿಸಿ, ಸ್ಪ್ರಿಂಗ್ ಕಾರ್ಖಾನೆಯದೇ ಇರಲಿ.

ಸೋರಿಕೆಯ ವಿಷಯ ಇನ್ನೂ ಸುಲಭ. ಸೋರುವ ಮ್ಯಾಗಜಿನ್ನಿನಿಂದ ಗುಂಡುಗಳನ್ನೆಲ್ಲ ತೆಗೆದು, ಬೆಂಕಿಯಿಂದ ದೂರ, ಬಯಲಿನಲ್ಲಿ ಸ್ವಲ್ಪ ಅನಿಲ ತುಂಬಿಸಿ ನೀರಿನ ಪಾತ್ರೆಯಲ್ಲಿ ಮುಳುಗಿಸಿರಿ. ಗುಳ್ಳೆ ಏಳುವ ಜಾಗವೇ ದೋಷದ ಜಾಗ. ತುಂಬಿಸುವ ವಾಲ್ವಿನಿಂದ ಎದ್ದರೆ, ಅದಕ್ಕೆ ಒಂದೆರಡು ಹನಿ ಸಿಲಿಕೋನ್ ಎಣ್ಣೆ ಬಿಟ್ಟು ಕೆಲವು ಸಲ ಒತ್ತಿ ಬಿಡುವುದರಿಂದಲೇ ಹಲವು ಬಾರಿ ಗುಣವಾಗುತ್ತದೆ. ಅನಿಲವನ್ನು ಹೊರಬಿಡುವ ವಾಲ್ವಿನಿಂದ ಎದ್ದರೆ ಅದರ ಓ-ರಿಂಗ್ ಎಂಬ ರಬ್ಬರ್ ಬಳೆಯನ್ನು ಬದಲಿಸಬೇಕು, ತಳದ ತಟ್ಟೆಯ ಅಂಚಿನಿಂದ ಎದ್ದರೆ ಅಲ್ಲಿಯ ರಬ್ಬರ್ ಪಟ್ಟಿಯನ್ನು. ವಾಲ್ವು ಬಿಚ್ಚಲು ಅದಕ್ಕೆಂದೇ ಮಾಡಿದ ಕೀಲಿ ಸಿಗುತ್ತದೆ. ಇಕ್ಕಳ ಹಾಕಿ ತಿರುಗಿಸಿದರೆ ಹಿತ್ತಾಳೆ ಕಚ್ಚಿಹೋಗುತ್ತದೆ. ಬಿಚ್ಚುವ ಮೊದಲು ವಾಲ್ವನ್ನು ಒತ್ತಿ ಹಿಡಿದು ಅನಿಲವನ್ನು ಪೂರ್ತಿ ಖಾಲಿ ಮಾಡುವುದನ್ನು ಮರೆಯಬಾರದು. ರಿಪೇರಿಯ ನಂತರ ಮ್ಯಾಗಜಿನ್ನನ್ನು ಬರಿದಾಗಿ ಇಡದೆ ಒಂದೆರಡು ಸೆಕೆಂಡಿನಷ್ಟು ಅನಿಲ ತುಂಬಿಸಿಡಿ; ಒಳಗಿನ ಒತ್ತಡವು ರಬ್ಬರುಗಳನ್ನು ಅವುಗಳ ಜಾಗದಲ್ಲಿ ಕೂರಿಸಿಡುತ್ತದೆ.

ಪ್ರಶ್ನೆ: ನನ್ನದು ಜಪಾನಿನ ಟೋಕಿಯೊ ಮಾರುಯಿ ಕಂಪನಿಯ ಎಂ4ಎ1 ಎಂಡಬ್ಲ್ಯೂಎಸ್. ಇಲ್ಲಿಯ ಗೆಳೆಯರೆಲ್ಲ ಪ್ರೊಪೇನ್ ತುಂಬಿಸುತ್ತಾರೆ. ನಾನೂ ತುಂಬಿಸಬಹುದೇ? ಬಿಡಿಭಾಗಗಳನ್ನು ಬದಲಿಸುವುದಾದರೆ ಯಾವುದರಿಂದ ಆರಂಭಿಸಬೇಕು?
– ಓದುಗರು, ಡಲ್ಲಾಸ್

ಉತ್ತರ: ಈ ರೈಫಲ್ 2015ರಲ್ಲಿ ಮಾರುಕಟ್ಟೆಗೆ ಬಂದದ್ದು ಜಪಾನಿನ ಕಾನೂನಿನ ಚೌಕಟ್ಟಿನೊಳಗೆ. ಅಲ್ಲಿ 2006ರ ತಿದ್ದುಪಡಿಯ ನಂತರ ಆರು ಮಿಲಿಮೀಟರ್ ಗುಂಡಿನ ಬಂದೂಕುಗಳ ಶಕ್ತಿ 0.98 ಜೌಲ್ ಮೀರುವಂತಿಲ್ಲ. ಅನಿಲವಾಗಿಯೂ ಬಹುಕಾಲದಿಂದ ಬಳಕೆಯಲ್ಲಿರುವುದು ಕಾರಿನ ಎಸಿಯಲ್ಲಿ ತುಂಬುತ್ತಿದ್ದ ಎಚ್‌ಎಫ್‌ಸಿ-134ಎ. 20 ಡಿಗ್ರಿಯಲ್ಲಿ ಇದರ ಒತ್ತಡ ಸುಮಾರು 5.7 ಬಾರ್ ಮಾತ್ರ, ಆದ್ದರಿಂದ ಒಳಗಿನ ಪ್ಲಾಸ್ಟಿಕ್ ನಾಝಲನ್ನು ಪ್ರೊಪೇನಿನ ಹೊಡೆತಕ್ಕೆಂದು ಮಾಡಿದ್ದಲ್ಲ. ಡಲ್ಲಾಸಿನ ಬೇಸಿಗೆಯಲ್ಲಿ 38 ಡಿಗ್ರಿ ಮುಟ್ಟಿದಾಗ ಪ್ರೊಪೇನಿನ ಒತ್ತಡ ಸುಮಾರು 13 ಬಾರ್‌ಗೆ ಏರುತ್ತದೆ, ಅದೇ ಬಿಸಿಲಿನಲ್ಲಿ 134ಎ ಅನಿಲವೇ ಸುಮಾರು 9.6 ಬಾರ್ ತಲುಪುತ್ತದೆ. ಅಂದರೆ ನಿಮ್ಮೂರಿನ ಬೇಸಿಗೆಯಲ್ಲಿ 134ಎ ಕೊಡುವ ಒತ್ತಡ, ಹಿತವಾದ ಹವೆಯಲ್ಲಿ ಪ್ರೊಪೇನ್ ಕೊಡುವುದಕ್ಕಿಂತ ಹೆಚ್ಚು! ಬೇಸಿಗೆಯಲ್ಲಿ ಕಡಿಮೆ ಒತ್ತಡದ ಅನಿಲ, ತಂಪು ತಿಂಗಳುಗಳಲ್ಲಿ ಪ್ರೊಪೇನ್ ಎಂದು ಪಾಲು ಮಾಡಿಕೊಳ್ಳುವುದು ಜಾಣತನ. ಅನಿಲದ ಡಬ್ಬಿಯನ್ನಾಗಲಿ ತುಂಬಿದ ಮ್ಯಾಗಜಿನ್ನನ್ನಾಗಲಿ ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ಬಿಡಬೇಡಿ.

ಬದಲಿಸಬೇಕಾದವುಗಳಲ್ಲಿ ಮೊದಲನೆಯದು ಬಲಪಡಿಸಿದ ನಾಝಲ್, ಅದರ ಜೊತೆಗೆ ಮ್ಯಾಗಜಿನ್ನಿನ ರಬ್ಬರುಗಳ ಒಂದು ಸೆಟ್ಟನ್ನು ಕೈಯಲ್ಲಿ ಇಟ್ಟುಕೊಂಡಿರಿ. ಅನಿಲದ ಹರಿವನ್ನು ಸ್ಕ್ರೂ ತಿರುಗಿಸಿ ಹೆಚ್ಚು ಕಡಿಮೆ ಮಾಡಬಲ್ಲ ನಾಝಲುಗಳೂ ದೊರೆಯುತ್ತವೆ. ಆಡುವ ಮೈದಾನದ ಮಿತಿಗೆ ತಕ್ಕಂತೆ ಶಕ್ತಿಯನ್ನು ಇಳಿಸಲು ಅವು ಬಹಳ ಉಪಯುಕ್ತ. ಹ್ಯಾಮರ್, ಅದನ್ನು ತಡೆದು ಹಿಡಿಯುವ ಸಿಯರ್ ಮುಂತಾದ ಟ್ರಿಗರ್ ಭಾಗಗಳು ಈ ವರ್ಗದ ಹಲವು ರೈಫಲ್ಲುಗಳಲ್ಲಿ ಸತುವಿನ ಮಿಶ್ರಲೋಹದ ಎರಕದವಾಗಿದ್ದು, ಕಾಲಕ್ರಮದಲ್ಲಿ ಅವುಗಳ ಅಂಚು ಸವೆಯುತ್ತದೆ. ಉಕ್ಕಿನವನ್ನು ಹಾಕಿಸುವುದಾದರೆ ಒಂದನ್ನೇ ಹಾಕಿಸದೆ ಇಡೀ ಸೆಟ್ಟನ್ನೇ ಹಾಕಿಸಬೇಕು, ಏಕೆಂದರೆ ಉಕ್ಕು ತನ್ನ ಪಕ್ಕದ ಮೆದು ಲೋಹವನ್ನು ಬೇಗನೆ ತಿಂದುಹಾಕುತ್ತದೆ. ಒಂದು ಗುಂಡಿಗೆಂದು ಟ್ರಿಗರ್ ಒತ್ತಿದಾಗ ಎರಡು ಹಾರಿದರೆ ಸಿಯರ್ ಸವೆದಿದೆ ಎಂದು ತಿಳಿದು ಅಂದೇ ಬಳಕೆ ನಿಲ್ಲಿಸಿರಿ. ಹೊರಗಿನ ಹಿಡಿ, ದೂರದರ್ಶಕ, ಬಣ್ಣ ಮುಂತಾದವು ಕಣ್ಣಿಗೆ ಹಬ್ಬವೇ ಸರಿ, ಆದರೆ ಅವುಗಳಿಂದ ರೈಫಲ್ ಒಂದು ಗುಂಡನ್ನೂ ಹೆಚ್ಚು ನೇರವಾಗಿ ಹಾರಿಸುವುದಿಲ್ಲ.

ಪ್ರಶ್ನೆ: ಗುಂಡು ಇನ್ನೂ ದೂರ ಹೋಗಬೇಕು ಎಂಬ ಆಸೆಯಿಂದ 6.03 ಮಿ.ಮೀ. ಒಳವ್ಯಾಸದ ಉದ್ದ ನಳಿಕೆ ಹಾಕಿಸಿದೆ. 0.20 ಗ್ರಾಂ ಗುಂಡಿನಲ್ಲಿ ವೇಗ ಸೆಕೆಂಡಿಗೆ 110 ಮೀಟರ್ ಬಂದಿದೆ. ಆಡುವಾಗ 0.28 ಗ್ರಾಂ ಬಳಸುತ್ತೇನೆ. ಮಿತಿಯೊಳಗೇ ಇದ್ದೇನಲ್ಲವೇ?
– ಓದುಗರು, ರೆಡಿಂಗ್

ಉತ್ತರ: ಇಲ್ಲದಿರುವ ಸಾಧ್ಯತೆ ಇದೆ. ಬ್ರಿಟನ್ನಿನಲ್ಲಿ 2017ರ ಕಾಯ್ದೆಯ ಪ್ರಕಾರ, ಒಂದೇ ಸಲದ ಒತ್ತಿಗೆ ಹಲವು ಗುಂಡು ಹಾರಿಸಬಲ್ಲ ಏರ್‌ಸಾಫ್ಟ್ ಬಂದೂಕಿಗೆ 1.3 ಜೌಲ್, ಒಂದೊಂದೇ ಹಾರಿಸುವುದಕ್ಕೆ 2.5 ಜೌಲ್ ಮಿತಿ. ಮಿತಿ ಮೀರಿದರೆ ಬಂದೂಕು ಕಾನೂನಿನಿಂದ ಏರ್‌ಸಾಫ್ಟಿಗಿರುವ ವಿನಾಯಿತಿಯನ್ನೇ ಅದು ಕಳೆದುಕೊಳ್ಳುತ್ತದೆ. ನಿಮ್ಮ 110 ಮೀಟರ್ ವೇಗ, 0.20 ಗ್ರಾಂ ಗುಂಡಿನ ಲೆಕ್ಕದಲ್ಲಿ 1.21 ಜೌಲ್, ಇಲ್ಲಿಗೆ ಸರಿಯೇ. ಆದರೆ ಸ್ಪ್ರಿಂಗ್ ಬಂದೂಕು ಅಳೆದಿಟ್ಟಷ್ಟೇ ಗಾಳಿಯನ್ನು ಕೊಡುತ್ತದೆ, ಅನಿಲದ ಬಂದೂಕು ಹಾಗಲ್ಲ. ಭಾರವಾದ ಗುಂಡು ನಳಿಕೆಯಲ್ಲಿ ನಿಧಾನವಾಗಿ ಸಾಗುವಷ್ಟೂ ಹೊತ್ತು ಅನಿಲ ಅದನ್ನು ತಳ್ಳುತ್ತಲೇ ಇರುತ್ತದೆ, ನಳಿಕೆ ಉದ್ದವಾದಷ್ಟೂ ಈ ತಳ್ಳುವಿಕೆ ಹೆಚ್ಚು. ನಿಮ್ಮ 0.28 ಗ್ರಾಂ ಗುಂಡು ಸೆಕೆಂಡಿಗೆ 100 ಮೀಟರ್ ವೇಗದಲ್ಲಿ ಹೊರಟರೂ ಶಕ್ತಿ 1.4 ಜೌಲ್ ಆಗುತ್ತದೆ, 1.3ರೊಳಗೆ ಇರಬೇಕಾದರೆ ಅದು ಸುಮಾರು 96 ಮೀಟರ್ ಮೀರಬಾರದು. ಆಡುವ ಗುಂಡನ್ನೇ ಹಾಕಿ, ಆಡುವ ದಿನದ ಹವೆಯಲ್ಲಿಯೇ ವೇಗಮಾಪಕದಿಂದ ಅಳೆಯಿರಿ; ಅಲ್ಲಿಯವರೆಗೆ ಹಳೆಯ ನಳಿಕೆಯನ್ನು ಮರಳಿ ಹಾಕುವುದು ಕ್ಷೇಮ.

ದೂರದ ಆಸೆಗೆ ನಿಜವಾದ ಮದ್ದು ನಳಿಕೆಯಲ್ಲ, ಹಾಪ್-ಅಪ್ ರಬ್ಬರ್. ಗುಂಡಿನ ಮೇಲ್ಭಾಗವನ್ನು ತುಸು ತಡೆದು ಅದಕ್ಕೆ ಹಿಮ್ಮುಖ ತಿರುಗು ಕೊಡುವ ಈ ರಬ್ಬರಿನಿಂದಾಗಿಯೇ ಗುಂಡು ಗಾಳಿಯಲ್ಲಿ ಎತ್ತರ ಕಳೆದುಕೊಳ್ಳದೆ ಸಾಗುತ್ತದೆ. ಒಳ್ಳೆಯ ರಬ್ಬರ್, ನಯವಾದ ಭಾರದ ಗುಂಡು, ಶುಚಿಯಾದ ನಳಿಕೆ ಇವು ಮೂರೂ ಸೇರಿದರೂ ನಿಮ್ಮ ಉದ್ದ ನಳಿಕೆಗಿಂತ ಕಡಿಮೆ ಖರ್ಚಾಗುತ್ತಿತ್ತು.

ಪ್ರಶ್ನೆ: ಮನೆಯಲ್ಲಿರುವ ಯಾವ ಎಣ್ಣೆಯಾದರೂ ಹಾಕಬಹುದೇ?
– ಓದುಗರು, ಲೆಸ್ಟರ್

ಉತ್ತರ: ಹಾಕಬಾರದು. ಹೊಲಿಗೆ ಯಂತ್ರದ ಎಣ್ಣೆ, ತುಕ್ಕು ಬಿಡಿಸುವ ಸ್ಪ್ರೇ ಮೊದಲಾದ ಪೆಟ್ರೋಲಿಯಂ ಮೂಲದವು ಹಲವು ಬಗೆಯ ರಬ್ಬರನ್ನು ಉಬ್ಬಿಸಿ ಕೆಡಿಸುತ್ತವೆ. ರಬ್ಬರಿಗೆ ಸಿಲಿಕೋನ್ ಎಣ್ಣೆ, ಬೋಲ್ಟ್ ಜಾರುವ ಲೋಹದ ಮೈಗೆ ಮತ್ತು ಟ್ರಿಗರ್ ಭಾಗಗಳು ಉಜ್ಜುವಲ್ಲಿಗೆ ತೆಳ್ಳಗೆ ಗ್ರೀಸ್. ನಳಿಕೆಯ ಒಳಗೂ ಹಾಪ್-ಅಪ್ ರಬ್ಬರಿಗೂ ಯಾವ ಎಣ್ಣೆಯೂ ಸೋಕಬಾರದು, ಸೋಕಿದರೆ ಗುಂಡು ಹಿಡಿತ ತಪ್ಪಿ ಮನಬಂದಂತೆ ಹಾರುತ್ತದೆ. ಆಟ ಮುಗಿದ ಮೇಲೆ ಕಡ್ಡಿಗೆ ಒಣಬಟ್ಟೆ ಸುತ್ತಿ ನಳಿಕೆಯನ್ನು ಒರೆಸಿ. ಶುಚಿ ಮಾಡಲು ಕೂರುವ ಮೊದಲು ಮ್ಯಾಗಜಿನ್ ತೆಗೆದು, ಕಣ್ಣಿಗೆ ರಕ್ಷಣೆಯ ಕನ್ನಡಕ ಧರಿಸಿ, ಒಳಗೆ ಗುಂಡು ಉಳಿದಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು.

ಪ್ರಶ್ನೆ: ಕೆಲಸ ಮುಗಿಸಿ ಮೈಸೂರಿಗೆ ಮರಳುತ್ತಿದ್ದೇನೆ. ರೈಫಲ್ ಜೊತೆಗೆ ತರಬಹುದೇ?
– ಓದುಗರು, ಮ್ಯಾಂಚೆಸ್ಟರ್

ಉತ್ತರ: ಅನಿಲದ ಡಬ್ಬಿಯನ್ನು ಕೈಚೀಲದಲ್ಲಾಗಲಿ ವಿಮಾನದ ಸಾಮಾನಿನಲ್ಲಾಗಲಿ ಒಯ್ಯುವಂತಿಲ್ಲ, ಪ್ರೊಪೇನ್ ಹೊತ್ತಿಕೊಳ್ಳುವ ಅನಿಲ. ರೈಫಲ್ಲಾದರೋ ಅಸಲಿ ಎಂ4ನಂತೆಯೇ ಕಾಣುವುದರಿಂದ, ಭಾರತದ ಕಸ್ಟಮ್ಸ್‌ನಿಂದ ಮೊದಲೇ ಲಿಖಿತ ಅನುಮತಿ ಪಡೆಯದೆ ತರುವ ಸಾಹಸ ಬೇಡ. ಅಲ್ಲಿಯೇ ಮಾರುವುದು ಲೇಸು. ಆದರೆ ಬ್ರಿಟನ್ನಿನ 2006ರ ಕಾಯ್ದೆಯಂತೆ ಅಸಲಿಯನ್ನು ಹೋಲುವ ಬಂದೂಕನ್ನು ಕಂಡಕಂಡವರಿಗೆ ಮಾರುವುದು ಅಪರಾಧ. ಕೊಳ್ಳುವವರು 18 ವರ್ಷ ತುಂಬಿದವರೇ, ವಿಮೆಯುಳ್ಳ ಮೈದಾನದಲ್ಲಿ ನಿಯಮಿತವಾಗಿ ಆಡುವವರೇ ಎಂಬುದನ್ನು ದಾಖಲೆ ನೋಡಿ ಖಚಿತಪಡಿಸಿಕೊಂಡು, ಅದರ ಪ್ರತಿಯನ್ನು ನಿಮ್ಮಲ್ಲಿಯೂ ಇಟ್ಟುಕೊಳ್ಳಿ.