ಸ್ಕ್ರಿಪ್ಟ್‌ನಲ್ಲೇ ಪಾಸ್‌ವರ್ಡ್ ಬರೆದಿಡಬಹುದೇ?

ಪ್ರಶ್ನೆ: ಅಂಗಡಿಯ ಲೆಕ್ಕ ಮೈಎಸ್‌ಕ್ಯೂಎಲ್ ಡೇಟಾಬೇಸ್‌ನಲ್ಲಿದೆ. ದಿನಾ ರಾತ್ರಿ 2 ಗಂಟೆಗೆ ಬ್ಯಾಕಪ್ ಆಗಲಿ ಅಂತ ಲಿನಕ್ಸ್‌ನ ಕ್ರಾನ್‌ಗೆ (ಹೇಳಿದ ಹೊತ್ತಿಗೆ ಕೆಲಸವನ್ನು ತಾನೇ ಓಡಿಸುವ ಸೌಲಭ್ಯ) ಸ್ಕ್ರಿಪ್ಟ್ ಹಾಕಿದ್ದೇನೆ. ಪಾಸ್‌ವರ್ಡ್ ಅದರಲ್ಲೇ ಇದೆ. ತೊಂದರೆಯೇ?
– ಓದುಗರು, ದಾವಣಗೆರೆ

ಉತ್ತರ: ಹೌದು, ತೊಂದರೆಯೇ. ಆ ಫೈಲ್ ಯಾರ ಕೈಗೆ ಸಿಕ್ಕಿತೋ ಅವರಿಗೆ ನಿಮ್ಮ ಲೆಕ್ಕವೆಲ್ಲ ಸಿಕ್ಕ ಹಾಗೆ. ಇನ್ನೊಂದು ವಿಷಯ, ಕಮಾಂಡ್ ಜೊತೆಗೇ ಪಾಸ್‌ವರ್ಡ್ ಕೊಟ್ಟರೆ ಅದೇ ಮಷಿನ್‌ನಲ್ಲಿ ಬೇರೆ ಲಾಗಿನ್ ಇರುವವರು ಓಡುತ್ತಿರುವ ಕೆಲಸಗಳ ಪಟ್ಟಿ ತೋರಿಸುವ ಪಿಎಸ್ ಕಮಾಂಡ್ ಓಡಿಸಿದಾಗ ಒಂದು ಕ್ಷಣ ಅದು ಕಣ್ಣಿಗೆ ಬೀಳಬಹುದು, ನೀವು ಕೈಯಾರೆ ಟೈಪ್ ಮಾಡಿ ನೋಡಿದ್ದರೆ ಶೆಲ್ ಹಿಸ್ಟರಿಯಲ್ಲೂ (ಟೈಪ್ ಮಾಡಿದ ಕಮಾಂಡ್‌ಗಳ ದಾಖಲೆ) ಉಳಿದಿರುತ್ತದೆ.

ಹೀಗೆ ಮಾಡಿ. ಕ್ರಾನ್ ಯಾವ ಯೂಸರ್ ಹೆಸರಲ್ಲಿ ಓಡುತ್ತದೋ ಅವರ ಹೋಮ್ ಫೋಲ್ಡರ್‌ನಲ್ಲಿ 'ಡಾಟ್ ಮೈ ಡಾಟ್ ಸಿಎನ್‌ಎಫ್' (.my.cnf) ಫೈಲ್ ಮಾಡಿ, ಕ್ಲೈಂಟ್ ([client]) ವಿಭಾಗದ ಕೆಳಗೆ ಪಾಸ್‌ವರ್ಡ್ ಬರೆಯಿರಿ. ತಕ್ಷಣ ಆ ಫೈಲ್‌ಗೆ ಸಿಎಚ್‌ಮಾಡ್ 600 (chmod 600) ಕೊಡಿ, ಆಗ ಆ ಯೂಸರ್ ಮತ್ತು ರೂಟ್ (ಮಷಿನ್‌ನ ಪೂರ್ಣ ಅಧಿಕಾರವಿರುವ ಯೂಸರ್) ಬಿಟ್ಟು ಬೇರೆ ಯಾರೂ ಓದಲಾರರು. ಸ್ಕ್ರಿಪ್ಟ್‌ನಿಂದ ಪಾಸ್‌ವರ್ಡ್ ತೆಗೆದುಬಿಡಿ. ಬ್ಯಾಕಪ್ ತೆಗೆಯುವ ಮೈಎಸ್‌ಕ್ಯೂಎಲ್‌ಡಂಪ್ ಕಮಾಂಡ್ ತಾನೇ ಆ ಫೈಲ್ ಓದಿಕೊಳ್ಳುತ್ತದೆ.

ಇಷ್ಟಾದರೂ ಪಾಸ್‌ವರ್ಡ್ ಡಿಸ್ಕ್‌ನಲ್ಲಿ ಇದ್ದೇ ಇರುತ್ತದೆ ಅಲ್ವಾ? ಅದಕ್ಕೇ ಡೇಟಾಬೇಸ್‌ನಲ್ಲಿ ಎಲ್ಲ ಅಧಿಕಾರವಿರುವ ರೂಟ್ ಯೂಸರ್‌ನ ಪಾಸ್‌ವರ್ಡ್ ಅಲ್ಲಿಡಬೇಡಿ, ದಯವಿಟ್ಟು. ಬ್ಯಾಕಪ್‌ಗೆಂದೇ ಬೇರೆ ಯೂಸರ್ ಮಾಡಿ, ಓದುವುದಕ್ಕೆ ಎಷ್ಟು ಬೇಕೋ ಅಷ್ಟೇ ಅನುಮತಿ ಕೊಡಿ. ನನಗೆ ಇದೇ ಎಲ್ಲಕ್ಕಿಂತ ಮುಖ್ಯ ಅನಿಸುತ್ತದೆ.

ಹಳೇ ಸ್ಕ್ರಿಪ್ಟನ್ನು ಗಿಟ್‌ಗೆ (ಫೈಲ್‌ಗಳ ಹಳೇ ಆವೃತ್ತಿಗಳನ್ನೂ ಉಳಿಸಿಡುವ ಸಾಧನ) ಹಾಕಿದ್ದೀರಾ? ಹಾಗಾದರೆ ಸುಮ್ನೆ ಆ ಸಾಲು ಅಳಿಸಿದರೆ ಸಾಲದು, ಹಳೇ ಕಮಿಟ್‌ನಲ್ಲಿ (ಉಳಿಸಿಟ್ಟ ಆವೃತ್ತಿ) ಹಾಗೇ ಇರುತ್ತದೆ. ಇವತ್ತೇ ಪಾಸ್‌ವರ್ಡ್ ಬದಲಾಯಿಸಿ.